ಬೇಗಂಪೇಟೆಯ ಸರ್ಜನ್ ಸರ್ ರೊನಾಲ್ಡ್ ರಾಸ್

ಭಾಗ್ಯನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ವೈದ್ಯರಿರುವ ಮನೆಗಳು ಅನೇಕ. ಮಗನೋ ಸೊಸೆಯೋ ಅಳಿಯನೋ ಇಲ್ಲಿನ ಯಾವುದಾದರೊಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಾಗಿರುತ್ತಾರೆ. ರಾತ್ರಿ ಊಟ ಮುಗಿದ ಮೇಲೆ ಅವರು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಲಂಡನ್ನಿನ ವೈದ್ಯಕೀಯ ಪತ್ರಿಕೆಯ ಹೊಸ ಲೇಖನವನ್ನು ಓದುತ್ತ ಕುಳಿತಿರುವುದನ್ನು ನಾವು ಕಂಡಿದ್ದೇವೆ. ಅಲ್ಲಿ ಮುಂಜಾನೆ ಪ್ರಕಟವಾದುದು ಇಲ್ಲಿ ಅದೇ ಕ್ಷಣದಲ್ಲಿ ಕೈಗೆ ಸಿಗುತ್ತದೆ. ಈ ಸೌಲಭ್ಯದ ಬೆಲೆಯನ್ನು ಅರಿಯಬೇಕಾದರೆ, ಇದೇ ನಗರದಲ್ಲಿ ಅದಿಲ್ಲದೆ ದುಡಿದ ಒಬ್ಬ ಸರ್ಜನರ ಜೀವನವನ್ನು ನೆನೆಯುವುದು ಉಚಿತವೆಂದು ನಮಗೆ ತೋರುತ್ತದೆ. ಅವರೇ ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಒಡಲಿನಲ್ಲಿ ಕಂಡುಹಿಡಿದ ಸರ್ ರೊನಾಲ್ಡ್ ರಾಸ್. ನಮ್ಮ ಬೆಂಗಳೂರಿಗೂ ಅವರ ಬಾಳಿಗೂ ಇದ್ದ ನಂಟು ಬಹಳ ಜನರಿಗೆ ತಿಳಿದಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರೊನಾಲ್ಡ್ ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ ಜನಿಸಿದರು. ಆಗ ತಾನೆ ಉತ್ತರ ಭಾರತದಲ್ಲಿ ಸಿಪಾಯಿಗಳ ಹೋರಾಟ ಭುಗಿಲೆದ್ದಿತ್ತು. ತಂದೆ ಬ್ರಿಟಿಷ್ ಇಂಡಿಯಾದ ಸೈನ್ಯಾಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡರೇ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಹುಡುಗನ ಮನಸ್ಸು ಚಿತ್ರಕಲೆ, ಕಾವ್ಯ, ಸಂಗೀತ ಮತ್ತು ಗಣಿತದ ಕಡೆಗೆ ಒಲಿದಿತ್ತು. ಆದರೆ ಮಗ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಬೇಕೆಂಬುದು ತಂದೆಯವರ ನಿರ್ಧಾರ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ರಾಸ್ ಅವರು ಒಲ್ಲದ ಮನಸ್ಸಿನಿಂದಲೇ ವೈದ್ಯ ವಿದ್ಯೆ ಕಲಿತರು. 1879ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಸ್ವಲ್ಪ ಕಾಲ ಹಡಗಿನ ವೈದ್ಯರಾಗಿದ್ದು, 1881ರಲ್ಲಿ ತಂದೆಯವರು ಬಯಸಿದ ಸೇವೆಗೇ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು.

ಆ ಕಾಲದಲ್ಲಿ ಈ ಸೇವೆಯ ವೈದ್ಯರೆಲ್ಲರಿಗೂ ಸರ್ಜನ್ ಎಂಬುದೇ ಹುದ್ದೆಯ ಹೆಸರು. ಗಾಯಕ್ಕೆ ಹೊಲಿಗೆ ಹಾಕುವುದರಿಂದ ಹಿಡಿದು ಕಾಲರಾ ಬಂದಾಗ ಊರಿನ ಬಾವಿಗಳನ್ನು ಶುದ್ಧಗೊಳಿಸುವವರೆಗೆ ಎಲ್ಲವೂ ಅವರದೇ ಹೊಣೆ. ದಂಡಿನಿಂದ ದಂಡಿಗೆ ವರ್ಗಾವಣೆಯಾಗುತ್ತ ಅವರು ಬರ್ಮಾ, ಅಂಡಮಾನ್‌ಗಳನ್ನೂ ಕಂಡರು. ಬಿಡುವಿನ ವೇಳೆಯಲ್ಲಿ ಗಣಿತದ ಗ್ರಂಥಗಳನ್ನು ಓದುವುದು, ಕವಿತೆ ಕಾದಂಬರಿ ಬರೆಯುವುದು ಅವರ ಹವ್ಯಾಸವಾಗಿತ್ತು.

ಬೆಂಗಳೂರಿನ ನೀರಿನ ತೊಟ್ಟಿ

1883ರಲ್ಲಿ ರಾಸ್ ಅವರು ಬೆಂಗಳೂರು ದಂಡಿನ ವೈದ್ಯಾಧಿಕಾರಿಯಾಗಿ ಬಂದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತ. ಕಾರಣ ಹುಡುಕುತ್ತ ಹೋದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಮಿಜಿಗುಡುವುದು ಕಂಡಿತು. ತೊಟ್ಟಿಯನ್ನು ಬೋರಲು ಹಾಕಿಸಿದರು. ಕಾಟ ಕಡಿಮೆಯಾಯಿತು. ಇದನ್ನೇ ಎಲ್ಲೆಡೆ ಮಾಡಬಹುದಲ್ಲ ಎಂದು ಅವರು ದಳದ ಅಡ್ಜುಟೆಂಟರಿಗೆ ಸೂಚಿಸಿದಾಗ, ಸೊಳ್ಳೆಗಳನ್ನೂ ಸೃಷ್ಟಿ ಯಾವುದೋ ಉದ್ದೇಶಕ್ಕಾಗಿಯೇ ಮಾಡಿದೆ, ಅದರ ಕ್ರಮವನ್ನು ಕೆಡಿಸಬಾರದು ಎಂಬರ್ಥದ ಉತ್ತರ ಬಂದಿತಂತೆ. ಅಂದು ರಾಸ್ ಅವರಿಗೂ ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವಿದೆಯೆಂದು ತಿಳಿದಿರಲಿಲ್ಲ. ಆದರೆ ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಇಲ್ಲವಾಗುತ್ತದೆ ಎಂಬ ಪಾಠವನ್ನು ಅವರು ಬೆಂಗಳೂರಿನಲ್ಲಿ ಕಲಿತರು. ಮುಂದೆ ಜೀವಮಾನವಿಡೀ ಅವರು ಸಾರಿದ್ದು ಆ ಪಾಠವನ್ನೇ.

ತಪ್ಪು ಬರೆದ ಸರ್ಜನ್

ಮಲೇರಿಯಾ ಎಂಬ ಇಟಲಿಯ ಶಬ್ದಕ್ಕೆ ಕೆಟ್ಟ ಗಾಳಿ ಎಂದು ಅರ್ಥ. ಜೌಗು ನೆಲದಿಂದೇಳುವ ವಿಷಗಾಳಿಯೇ ಈ ಜ್ವರಕ್ಕೆ ಮೂಲವೆಂದು ಶತಮಾನಗಳ ಕಾಲ ನಂಬಲಾಗಿತ್ತು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಅವರು ರೋಗಿಯ ರಕ್ತದಲ್ಲಿ ಜೀವಂತ ಪರೋಪಜೀವಿಯನ್ನು ಸೂಕ್ಷ್ಮದರ್ಶಕದ ಮೂಲಕ ಕಂಡರು. ಆ ಸುದ್ದಿ ಯುರೋಪಿನ ಪತ್ರಿಕೆಗಳಲ್ಲಿ ಬಂದಿತು. ಇಟಲಿಯ ವೈದ್ಯರು ಅದನ್ನು ಒಪ್ಪಿ ಸಂಶೋಧನೆಯನ್ನು ಮುಂದುವರಿಸಿದರು.

ಆದರೆ ಹಿಂದೂಸ್ಥಾನದ ಯಾವುದೋ ದಂಡಿನಲ್ಲಿ ಒಬ್ಬಂಟಿಯಾಗಿದ್ದ ಸರ್ಜನ್ನರಿಗೆ ಮುದ್ರಿತ ವಿವರಣೆ ಮಾತ್ರ ಸಾಲದಾಯಿತು. 1892ರ ಸುಮಾರಿಗೆ ರಾಸ್ ಅವರು ಮಲೇರಿಯಾದ ವಿಷಯವನ್ನು ಕೈಗೆತ್ತಿಕೊಂಡು ರಕ್ತದ ಹನಿಗಳನ್ನು ಪರೀಕ್ಷಿಸತೊಡಗಿದರು. ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂದು ತೋರಿಸುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಕಾಣಬೇಕಾದುದು ಕಾಣಲಿಲ್ಲ. ಲಾವೆರಾನರು ಕಂಡದ್ದು ಭ್ರಮೆಯಿರಬೇಕೆಂದು ಅವರು ತೀರ್ಮಾನಿಸಿದರು. ಅಷ್ಟಕ್ಕೇ ಸುಮ್ಮನಾಗದೆ ಭಾರತದ ವೈದ್ಯ ಪತ್ರಿಕೆಗಳಲ್ಲಿ ಆ ಅಭಿಪ್ರಾಯವನ್ನು ಲೇಖನಗಳಾಗಿ ಪ್ರಕಟಿಸಿಯೂ ಬಿಟ್ಟರು. ಮುಂದೆ ಮಲೇರಿಯಾಕ್ಕಾಗಿ ನೊಬೆಲ್ ಪಡೆದವರು ಆರಂಭದಲ್ಲಿ ಮಲೇರಿಯಾ ರೋಗಾಣುವಿನ ಇರವನ್ನೇ ಅಲ್ಲಗಳೆದಿದ್ದರು ಎಂಬುದು ಗಮನಾರ್ಹ.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಅವರಿಗೆ ಡಾ. ಪ್ಯಾಟ್ರಿಕ್ ಮ್ಯಾನ್ಸನ್ ಅವರ ಪರಿಚಯವಾಯಿತು. ಆನೆಕಾಲು ರೋಗದ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಚೀನಾದಲ್ಲಿದ್ದಾಗ ಕಂಡಿದ್ದವರು ಮ್ಯಾನ್ಸನ್. ಅವರು ರಾಸ್ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಮಲೇರಿಯಾ ರೋಗಿಯ ರಕ್ತದಲ್ಲಿದ್ದ ರೋಗಾಣುವನ್ನೂ ಅದರೊಳಗಿನ ಕಪ್ಪು ಕಣಗಳನ್ನೂ ತೋರಿಸಿದರು. ವರ್ಷಗಟ್ಟಲೆ ಓದಿಯೂ ಕಾಣದುದು ಅನುಭವಿಯೊಬ್ಬರ ಪಕ್ಕದಲ್ಲಿ ಕುಳಿತಾಗ ಕಂಡಿತು. ರಾಸ್ ಅವರು ತಮ್ಮ ತಪ್ಪನ್ನು ಒಪ್ಪಿಕೊಂಡರು. ಈ ರೋಗಾಣುವನ್ನು ಸೊಳ್ಳೆಯೇ ಹೊತ್ತೊಯ್ಯುತ್ತಿರಬಹುದೆಂಬ ತಮ್ಮ ಊಹೆಯನ್ನೂ ಮ್ಯಾನ್ಸನ್ ಅವರು ಆಗ ತಿಳಿಸಿದರು. ಅದನ್ನು ಪರೀಕ್ಷಿಸುವ ಹೊಣೆ ರಾಸ್ ಅವರ ಹೆಗಲಿಗೆ ಬಂದಿತು.

ಅಂದಿನ ಹೈದರಾಬಾದ್

1895ರಲ್ಲಿ ರಾಸ್ ಅವರು ಸಿಕಂದರಾಬಾದಿನ 19ನೆಯ ಮದ್ರಾಸ್ ಪದಾತಿದಳದ ವೈದ್ಯಾಧಿಕಾರಿಯಾಗಿ ಬೇಗಂಪೇಟೆಗೆ ಬಂದರು. ಅಂದಿನ ನಮ್ಮ ನಗರ ವೈದ್ಯಲೋಕಕ್ಕೆ ಅಪರಿಚಿತವೇನೂ ಆಗಿರಲಿಲ್ಲ. ಕೆಲವೇ ವರ್ಷಗಳ ಹಿಂದೆ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಅವರು ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗಾಗಿ ಬಳಸುವ ಕ್ಲೋರೋಫಾರ್ಮಿನ ಬಗ್ಗೆ 1888 ಮತ್ತು 1889ರಲ್ಲಿ ಎರಡು ಆಯೋಗಗಳನ್ನು ಇಲ್ಲಿ ನಡೆಸಿದ್ದರು. ಎರಡನೆಯದಕ್ಕೆ ತಜ್ಞರನ್ನು ಕಳುಹಿಸಲು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ ಸಾವಿರ ಪೌಂಡುಗಳನ್ನು ನೀಡಿತು. ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯರು ಹೈದರಾಬಾದಿಗೆ ಬಂದರು. ಕ್ಲೋರೋಫಾರ್ಮ್ ಕೊಡುವಾಗ ಉಸಿರಾಟದ ಮೇಲೆ ಕಣ್ಣಿಟ್ಟರೆ ಹೃದಯಕ್ಕೆ ಅಪಾಯವಿಲ್ಲವೆಂಬ ಇಲ್ಲಿನ ತೀರ್ಮಾನ ಲ್ಯಾನ್ಸೆಟ್ ಮೂಲಕ ಜಗತ್ತಿನ ಶಸ್ತ್ರವೈದ್ಯರನ್ನೆಲ್ಲ ತಲುಪಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಮುಂದಿನ ಸಂಶೋಧನೆ ಆ ಔಷಧ ಹೃದಯಕ್ಕೂ ನೇರವಾಗಿ ಹಾನಿ ಮಾಡಬಲ್ಲದೆಂದು ತೋರಿಸಿತು. ಉಸಿರಾಟವನ್ನು ಗಮನಿಸುತ್ತಿರಬೇಕೆಂಬ ಎಚ್ಚರಿಕೆ ಮಾತ್ರ ಉಳಿಯಿತು. ಹೀಗೆ ಹೈದರಾಬಾದಿನ ಒಂದು ಮಾತು ಲಂಡನ್ನಿಗೆ ಮುಟ್ಟಲು, ಅಲ್ಲಿ ಅದನ್ನು ಒರೆಗೆ ಹಚ್ಚಲು ಮುದ್ರಿತ ವೃತ್ತಿಪತ್ರಿಕೆಯೇ ಮುಖ್ಯ ದಾರಿಯಾಗಿತ್ತು.

ರಾಸ್ ಅವರಿಗೆ ನಿಜಾಮರ ಬೆಂಬಲವೂ ಇರಲಿಲ್ಲ, ಆಯೋಗವೂ ಇರಲಿಲ್ಲ. ಅವರ ಪಾಲಿಗಿದ್ದುದು ಸಣ್ಣ ಸೇನಾ ಆಸ್ಪತ್ರೆ, ಸ್ವಂತ ಸೂಕ್ಷ್ಮದರ್ಶಕ ಮತ್ತು ಮ್ಯಾನ್ಸನ್ ಅವರೊಂದಿಗಿನ ಪತ್ರ ವ್ಯವಹಾರ. 1895ರಿಂದ 1899ರವರೆಗೆ ಅವರು ಮ್ಯಾನ್ಸನ್ ಅವರಿಗೆ ಬರೆದ ಪತ್ರಗಳು ನೂರನ್ನು ಮೀರುತ್ತವೆ. ಕಂಡದ್ದು, ಕಾಣದ್ದು, ಸಂದೇಹ, ನಿರಾಶೆ ಎಲ್ಲವನ್ನೂ ಅವುಗಳಲ್ಲಿ ತೋಡಿಕೊಂಡಿದ್ದಾರೆ. ಟಪಾಲು ಹಡಗಿನಲ್ಲಿ ಹೋದ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ತಿಂಗಳು ಕಳೆದಿರುತ್ತಿತ್ತು. ಅಷ್ಟರಲ್ಲಿ ಋತುವೇ ಬದಲಾಗಿ ರೋಗಿಗಳೂ ಸೊಳ್ಳೆಗಳೂ ಮಾಯವಾಗಿರುತ್ತಿದ್ದುದೂ ಉಂಟು.

ದೂರದ ಗುರುವಿನ ಮಾತಿನಲ್ಲಿ ದೋಷವೂ ಇತ್ತು. ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆ ಎಂದು ಮ್ಯಾನ್ಸನ್ ಅವರು ನಂಬಿದ್ದರು. ಆ ನಂಬಿಕೆಯಂತೆ ರಾಸ್ ಅವರು 1895ರಲ್ಲಿ ಇಂಥ ನೀರನ್ನು ಲಚ್ಮನ್ ಎಂಬ ಸೇವಕನಿಗೆ, ಅವನ ಒಪ್ಪಿಗೆ ಪಡೆದು, ಕುಡಿಸಿದರು. ಅವನಿಗೆ ಸ್ವಲ್ಪ ಜ್ವರ ಬಂದಿತಾದರೂ ಬೇರೆಯವರಲ್ಲಿ ಆ ಪರೀಕ್ಷೆ ಸ್ಪಷ್ಟ ಫಲ ಕೊಡಲಿಲ್ಲ. ಆಳು ಒಡೆಯನಿಗೆ ಕೊಡುವ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರ ಎಂಬ ಪ್ರಶ್ನೆಯನ್ನು ಇಂದಿನ ವೈದ್ಯರು ಕೇಳದೆ ಬಿಡಲಾರರು. ಇಂದು ಯಾವ ಆಸ್ಪತ್ರೆಯ ನೀತಿ ಸಮಿತಿಯೂ ಅಂಥ ಪ್ರಯೋಗಕ್ಕೆ ಅನುಮತಿ ಕೊಡದು.

ಸೊಳ್ಳೆಗಳಲ್ಲಿ ಎಷ್ಟು ಬಗೆಯೆಂದು ತಿಳಿಸುವ ಪುಸ್ತಕವೂ ರಾಸ್ ಅವರ ಬಳಿ ಇರಲಿಲ್ಲ. ಬಣ್ಣವನ್ನು ನೋಡಿ ಅವರು ತಾವೇ ಹೆಸರಿಟ್ಟುಕೊಂಡರು: ಪಟ್ಟೆಯವು, ಬೂದು ಬಣ್ಣದವು, ಚುಕ್ಕೆರೆಕ್ಕೆಯವು. ಸುಲಭವಾಗಿ ಸಿಗುತ್ತಿದ್ದ ಮೊದಲೆರಡು ಬಗೆಗಳನ್ನು ನೂರಾರು ಸಂಖ್ಯೆಯಲ್ಲಿ ಸೀಳಿ ನೋಡಿದರು. ಮಾನವನ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆ ಮಾತ್ರ ಎಂದು ಇಂದು ಶಾಲೆಯ ಮಕ್ಕಳೂ ಬಲ್ಲರು. ಅಂದು ಆ ಒಂದು ಸಂಗತಿ ತಿಳಿಯದೆ ಎರಡು ವರ್ಷಗಳು ವ್ಯರ್ಥವಾದವು.

1897ರ ಆಗಸ್ಟ್ 20

ಈ ನಡುವೆ 1895ರ ಸೆಪ್ಟೆಂಬರಿನಲ್ಲಿ ಸರ್ಕಾರ ಅವರನ್ನು ಕಾಲರಾ ನಿಯಂತ್ರಣಕ್ಕಾಗಿ ಮತ್ತೆ ಬೆಂಗಳೂರಿಗೆ ಕಳುಹಿಸಿತು. ಮಲೇರಿಯಾ ಸಂಶೋಧನೆ ನಿಂತಿತು. ಚರಂಡಿ, ಬಾವಿ, ಕಸದ ವಿಲೇವಾರಿಗಳ ಕೆಲಸದಲ್ಲಿ ಅವರು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮುಳುಗಿದರು. 1897ರ ಬೇಸಗೆಯಲ್ಲಿ ರಜೆ ಪಡೆದು ಊಟಿಗೆ ಹೋಗಿ, ಅಲ್ಲಿಂದ ಸೀಗೂರು ಘಾಟಿನ ಮಲೇರಿಯಾ ಪ್ರದೇಶಕ್ಕೆ ಇಳಿದರು. ಅಲ್ಲಿ ಅವರಿಗೇ ಜ್ವರ ಹಿಡಿಯಿತು. ಗೋಡೆಯ ಮೇಲೆ ವಿಚಿತ್ರ ಭಂಗಿಯಲ್ಲಿ ಕುಳಿತ ಚುಕ್ಕೆರೆಕ್ಕೆಯ ಸೊಳ್ಳೆಯನ್ನು ಅವರು ಗಮನಿಸಿದ್ದೂ ಅಲ್ಲಿಯೇ.

ಜೂನ್ ತಿಂಗಳಲ್ಲಿ ಸಿಕಂದರಾಬಾದಿಗೆ ಮರಳಿದಾಗ ಸೆಖೆ ವಿಪರೀತ. ಪಂಕ ಬೀಸಿದರೆ ಸೀಳಿದ ಸೊಳ್ಳೆ ಹಾರಿಹೋಗುತ್ತದೆಂದು ಪಂಕವಿಲ್ಲದೆಯೇ ಕುಳಿತರು. ಹಣೆಯಿಂದಲೂ ಕೈಯಿಂದಲೂ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಅದರ ಕಣ್ಣುಗಾಜು ಸೀಳಿತ್ತು. ಆಗಸ್ಟ್ ಮಧ್ಯದಲ್ಲಿ ಅವರ ಸಹಾಯಕರು ತಂದ ಮರಿಗಳಿಂದ ಚುಕ್ಕೆರೆಕ್ಕೆಯ ಕೆಲವು ಸೊಳ್ಳೆಗಳು ಹೊರಬಂದವು. 16ರಂದು ಅವುಗಳನ್ನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಸೊಳ್ಳೆಪರದೆಯೊಳಗೆ ಬಿಟ್ಟರು. ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಹಣ ಸಂದಿತು. ಹತ್ತು ಸೊಳ್ಳೆಗಳು ಕಚ್ಚಿದ್ದಕ್ಕೆ ಅವನು ಪಡೆದದ್ದು ಹತ್ತಾಣೆ.

ಆಗಸ್ಟ್ 20ರ ವೇಳೆಗೆ ಉಳಿದಿದ್ದ ಸೊಳ್ಳೆಗಳು ಕೆಲವೇ. ಅಂದು ಮಧ್ಯಾಹ್ನ ದಣಿದ ಕಣ್ಣುಗಳಿಂದ ಒಂದನ್ನು ಸೀಳಿ ಅದರ ಜಠರದ ಗೋಡೆಯನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸುತ್ತಿದ್ದಾಗ, ಹಿಂದೆಂದೂ ಯಾವ ಸೊಳ್ಳೆಯಲ್ಲೂ ಕಾಣದ ದುಂಡನೆಯ ಕೋಶವೊಂದು ಕಣ್ಣಿಗೆ ಬಿದ್ದಿತು. ಅದರೊಳಗೆ ಕಪ್ಪು ಕಣಗಳಿದ್ದವು. ಲಂಡನ್ನಿನಲ್ಲಿ ಮ್ಯಾನ್ಸನ್ ಅವರು ರೋಗಿಯ ರಕ್ತದಲ್ಲಿ ತೋರಿಸಿದ್ದ ಕಪ್ಪು ಕಣಗಳಂಥವೇ ಅವು. ಆ ಗುರುತು ಮನಸ್ಸಿನಲ್ಲಿ ಇಲ್ಲದಿದ್ದರೆ ಆ ಕೋಶ ಕಣ್ಣೆದುರಿದ್ದರೂ ಅರ್ಥವಾಗುತ್ತಿರಲಿಲ್ಲ. ಮರುದಿನ ಇನ್ನೊಂದು ಸೊಳ್ಳೆಯನ್ನು ಸೀಳಿದಾಗ ಅದೇ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ಅಂದರೆ ರೋಗಾಣು ಸೊಳ್ಳೆಯೊಳಗೆ ಬದುಕಿತ್ತು, ಬೆಳೆಯುತ್ತಿತ್ತು.

ಸುದ್ದಿಯ ಪಯಣ

ಹಿಂದೆ ಅವಸರದಿಂದ ತಪ್ಪು ಬರೆದಿದ್ದ ರಾಸ್ ಅವರು ಈ ಸಲ ಎಚ್ಚರಿಕೆ ವಹಿಸಿದರು. ತಾವು ಕಂಡದ್ದನ್ನು ಸಹೋದ್ಯೋಗಿ ವೈದ್ಯರೊಬ್ಬರಿಗೂ ತೋರಿಸಿದರು. ಎರಡೇ ಎರಡು ಸೊಳ್ಳೆಗಳಲ್ಲಿ ಕಂಡ ವಿಚಿತ್ರ ಕೋಶಗಳು ಎಂದಷ್ಟೇ ಶೀರ್ಷಿಕೆಯಲ್ಲಿ ಸೂಚಿಸಿ, ಅತಿಶಯದ ಮಾತಿಲ್ಲದೆ ಒಂದು ಲೇಖನ ಬರೆದು ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಕಳುಹಿಸಿದರು. ಅದು 1897ರ ಡಿಸೆಂಬರ್ 18ರಂದು ಪ್ರಕಟವಾಯಿತು.

ಬೇಗಂಪೇಟೆಯ ಸುದ್ದಿಯನ್ನು ಜಗತ್ತಿನ ವೈದ್ಯರು ಓದುತ್ತಿದ್ದಾಗ ರಾಸ್ ಅವರು ಬೇಗಂಪೇಟೆಯಲ್ಲಿರಲಿಲ್ಲ. ಸೆಪ್ಟೆಂಬರಿನಲ್ಲೇ ಅವರಿಗೆ ವರ್ಗಾವಣೆಯ ಆದೇಶ ಬಂದು, ಸಂಶೋಧನೆಗೆ ಬೇಕಾದ ಮಲೇರಿಯಾ ರೋಗಿಗಳು ಸಿಗದ ರಾಜಪುತಾನದ ಖೇರವಾಡಕ್ಕೆ ಹೋಗಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು. ಅದೇ 1897ರಲ್ಲಿ ಅಮೆರಿಕದ ಮ್ಯಾಕಲಮ್ ಎಂಬ ಯುವ ಸಂಶೋಧಕರು, ರೋಗಾಣುವಿನಿಂದ ಹೊರಚಿಮ್ಮುವ ಎಳೆಗಳು ಅದರ ಗಂಡು ಅಂಶವೆಂಬುದನ್ನು ಪಕ್ಷಿಗಳ ರಕ್ತದಲ್ಲಿ ತೋರಿಸಿಕೊಟ್ಟರು. ಅಂಥ ಎಳೆಗಳನ್ನು ರಾಸ್ ಅವರು 1895ರಲ್ಲೇ ಸೊಳ್ಳೆಯೊಳಗೆ ಕಂಡಿದ್ದರು, ಆದರೆ ಅರ್ಥ ಹೊಳೆದಿರಲಿಲ್ಲ. ಒಂದೇ ಒಗಟಿನ ತುಣುಕುಗಳು ಅಲ್ಜೀರಿಯಾ, ಇಟಲಿ, ಅಮೆರಿಕ, ಸಿಕಂದರಾಬಾದ್‌ಗಳಲ್ಲಿ ಚದುರಿದ್ದವು. ಅವುಗಳನ್ನು ಜೋಡಿಸಿದ್ದು ಪತ್ರಿಕೆಗಳು ಮತ್ತು ಕಾಗದಗಳು.

1898ರ ಆರಂಭದಲ್ಲಿ ಸರ್ಕಾರ ಅವರನ್ನು ಸಂಶೋಧನೆಗೆಂದೇ ಕಲ್ಕತ್ತೆಗೆ ನೇಮಿಸಿತು. ಅಲ್ಲಿ ಮಹಮದ್ ಬಕ್ಷ್ ಎಂಬ ಸಹಾಯಕನೊಂದಿಗೆ ಪಕ್ಷಿಗಳ ಮಲೇರಿಯಾದ ಮೇಲೆ ಕೆಲಸ ಮಾಡಿದರು. ಜುಲೈ ತಿಂಗಳಲ್ಲಿ ರೋಗಾಣುಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರುವುದನ್ನು ಕಂಡರು. ಆ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಗುಬ್ಬಚ್ಚಿಗಳಿಗೆ ರೋಗ ತಗುಲಿತು. ನೀರು ಕುಡಿಯುವುದರಿಂದಲ್ಲ, ಸೊಳ್ಳೆಯ ಕಡಿತದಿಂದಲೇ ರೋಗ ಹರಡುತ್ತದೆಂಬುದು ಪಕ್ಷಿಗಳಲ್ಲಿ ಸಿದ್ಧವಾಯಿತು. ತಂತಿಯ ಮೂಲಕ ಬಂದ ಆ ಸುದ್ದಿಯನ್ನು ಮ್ಯಾನ್ಸನ್ ಅವರು ಅದೇ ತಿಂಗಳು ಎಡಿನ್‌ಬರೋದಲ್ಲಿ ನಡೆದ ಬ್ರಿಟಿಷ್ ವೈದ್ಯಕೀಯ ಸಂಘದ ಸಭೆಯಲ್ಲಿ ಪ್ರಕಟಿಸಿದರು. ತಮ್ಮ ಊಹೆಯ ಅರ್ಧ ಸುಳ್ಳಾದ ಸುದ್ದಿಯನ್ನು ಸ್ವತಃ ಅವರೇ ಸಂತೋಷದಿಂದ ಸಾರಿದ್ದು ಅವರ ದೊಡ್ಡತನ. ಅದೇ ವರ್ಷ ಇಟಲಿಯ ಗ್ರಾಸ್ಸಿ, ಬಿಗ್ನಾಮಿ ಮತ್ತು ಬಾಸ್ಟಿಯಾನೆಲ್ಲಿ ಅವರು ಮಾನವ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುವುದನ್ನು ತೋರಿಸಿಕೊಟ್ಟರು.

ಕೀರ್ತಿ ಮತ್ತು ಕಹಿ

1899ರಲ್ಲಿ ರಾಸ್ ಅವರು ಭಾರತದ ಸೇವೆಯನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯದ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. 1902ರಲ್ಲಿ ವೈದ್ಯ ವಿಜ್ಞಾನದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಬ್ರಿಟನ್ನಿನ ಪ್ರಜೆಯೊಬ್ಬರಿಗೆ ದೊರೆತ ಮೊದಲ ನೊಬೆಲ್ ಅದು. 1911ರಲ್ಲಿ ಸರ್ ಪದವಿ ಬಂದಿತು. ಸೊಳ್ಳೆಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು, ಮಲೇರಿಯಾ ತಾನಾಗಿ ನಶಿಸುತ್ತದೆ ಎಂಬುದನ್ನು ಅವರು ಗಣಿತದ ಸೂತ್ರಗಳಿಂದ ತೋರಿಸಿದರು. ಸಾಂಕ್ರಾಮಿಕ ರೋಗಗಳ ಲೆಕ್ಕಾಚಾರದಲ್ಲಿ ಇಂದಿಗೂ ಆ ವಿಧಾನವೇ ಅಡಿಗಲ್ಲು.

ಅವರ ಸ್ವಭಾವದ ಕೊರತೆಯನ್ನೂ ಮುಚ್ಚಿಡಬೇಕಾಗಿಲ್ಲ. ಸಂಶೋಧನೆಯ ಶ್ರೇಯ ಯಾರದೆಂಬ ಬಗ್ಗೆ ಗ್ರಾಸ್ಸಿ ಅವರೊಂದಿಗೆ ನಡೆದ ಜಗಳ ವರ್ಷಗಟ್ಟಲೆ ಮುಂದುವರಿದು ಇಬ್ಬರ ಮನಸ್ಸನ್ನೂ ಕೆಡಿಸಿತು. ಕೊನೆಗೆ ಮ್ಯಾನ್ಸನ್ ಅವರೊಂದಿಗಿನ ಸ್ನೇಹವೂ ಮುರಿಯಿತು. ಹಂಚಿಕೊಂಡಿದ್ದರಿಂದಲೇ ಬೆಳೆದ ಜ್ಞಾನದ ಒಡೆತನಕ್ಕಾಗಿ ಹೋರಾಡಿದ್ದು ಅವರ ಬಾಳಿನ ವಿಪರ್ಯಾಸ. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಸ್ಥೆ ಸ್ಥಾಪನೆಯಾಯಿತು. 1932ರ ಸೆಪ್ಟೆಂಬರ್ 16ರಂದು ಅಲ್ಲಿಯೇ ಅವರು ಕೊನೆಯುಸಿರೆಳೆದರು.

ನಮ್ಮ ನಗರದ ನೆನಪು

ರಾಸ್ ಅವರು ಕೆಲಸ ಮಾಡಿದ ಕಟ್ಟಡ ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಇದೆ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಅದಕ್ಕೆ ಸರ್ ರೊನಾಲ್ಡ್ ರಾಸ್ ಪರೋಪಜೀವಿಶಾಸ್ತ್ರ ಸಂಸ್ಥೆಯೆಂದು ಹೆಸರು. ನಲ್ಲಕುಂಟದಲ್ಲಿರುವ, ನಗರದ ಜನ ಕೋರಂಟಿ ದವಾಖಾನೆಯೆಂದು ಕರೆಯುವ ಜ್ವರದ ಆಸ್ಪತ್ರೆಗೂ ಅವರ ಹೆಸರೇ ಇದೆ. ಆಗಸ್ಟ್ 20ನ್ನು ಜಗತ್ತು ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತದೆ. ಆ ದಿನ ಮೂಡಿದ್ದು ನಮ್ಮ ನಗರದಲ್ಲಿ. ಆದರೂ ಮಾಲ್‌ಗಳನ್ನೂ ಕೋಟೆಗಳನ್ನೂ ತೋರಿಸುವ ನಾವು ಊರಿನಿಂದ ಬಂದ ನೆಂಟರಿಗೆ ಈ ಕಟ್ಟಡವನ್ನು ತೋರಿಸುವುದು ಅಪರೂಪ.

ಈ ಜೀವನದಿಂದ ನಮ್ಮ ಮನೆಗಳ ಯುವ ವೈದ್ಯರು ಪಡೆಯಬಹುದಾದುದು ಏನು? ವೃತ್ತಿಯ ಸುದ್ದಿ ಸಕಾಲಕ್ಕೆ ತಲುಪದಿದ್ದರೆ ಪ್ರತಿಭಾವಂತನೂ ತಪ್ಪು ದಾರಿ ಹಿಡಿಯುತ್ತಾನೆ. ರಾಸ್ ಅವರ ಮೊದಲ ಲೇಖನಗಳೇ ಅದಕ್ಕೆ ಸಾಕ್ಷಿ. ಆದರೆ ಸುದ್ದಿ ತಲುಪಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮ್ಯಾನ್ಸನ್ ಅವರಂಥವರ ಮಾತಿನಲ್ಲೂ ಅರ್ಧ ಸರಿಯಿತ್ತು, ಅರ್ಧ ತಪ್ಪಿತ್ತು. ಎರಡನ್ನೂ ಬೇರ್ಪಡಿಸಿದ್ದು ತುಕ್ಕು ಹಿಡಿದ ಸೂಕ್ಷ್ಮದರ್ಶಕದ ಮುಂದೆ ಬೆವರಿಳಿಸುತ್ತ ಕುಳಿತ ಒಬ್ಬರ ಕಣ್ಣು ಮತ್ತು ಕೈ. ಇಂದು ಸುದ್ದಿಗೆ ಬರವಿಲ್ಲ, ಒರೆಗೆ ಹಚ್ಚುವ ತಾಳ್ಮೆಗೆ ಬರ ಬಾರದಿರಲಿ ಎಂಬುದೇ ನಮ್ಮ ಹಾರೈಕೆ.

ಉಳಿದ ನಮಗೆಲ್ಲ ಬೆಂಗಳೂರಿನ ಆ ತೊಟ್ಟಿಯ ಪಾಠವಿದೆ. ಈ ಮಳೆಗಾಲದಲ್ಲಿ ಮನೆಯ ತಾರಸಿಯ ಮೇಲಿನ ಹಳೆಯ ಬಕೆಟ್ಟು, ಹೂಕುಂಡದ ತಟ್ಟೆ, ಕೂಲರಿನ ತಳದಲ್ಲಿ ನಿಂತ ನೀರನ್ನು ಒಮ್ಮೆ ಚೆಲ್ಲೋಣ. ಬೇಗಂಪೇಟೆಯ ಆ ಸರ್ಜನರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.